ಮೊದಲು ತಾರಸಿ, ಆಮೇಲೆ ಸೆಟ್ಟು

ಎಲ್ಲರಿಗೂ ನಮಸ್ಕಾರ. ಮೈಕ್ ಕೇಳಿಸ್ತಿದೆಯಾ? ಹಿಂದಿನ ಸಾಲಿನಿಂದ ‘ಫೈವ್ ನೈನ್’, ಅಂದರೆ ಚೆನ್ನಾಗಿ ಕೇಳಿಸ್ತಿದೆ ಅಂತ ಉತ್ತರ ಬಂತು, ಸಂತೋಷ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದ ಪರೀಕ್ಷೆ ಬರೆದು ಕಾಯುತ್ತಿರುವವರು, ವಿಯು3 ಎಂದು ಶುರುವಾಗುವ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಹೇಳುವ ಗುರುತು, ಆಗಲೇ ಕೈಗೆ ಬಂದವರು, ಮಕ್ಕಳನ್ನು ಕರೆತಂದ ಅಪ್ಪ ಅಮ್ಮಂದಿರು ಎಲ್ಲರೂ ಇದ್ದೀರಿ. ಲೈಸೆನ್ಸ್ ಬರುವ ಮುಂಚೆಯೇ ಸೆಟ್ ಕೊಂಡುಬಿಟ್ಟವರು ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಬೇಡಿ.

ನನಗೆ ಕೊಟ್ಟಿರುವ ವಿಷಯ, ಮೊದಲ ಸೆಟ್ ಯಾವುದು ಕೊಳ್ಳಬೇಕು ಎಂಬುದು. ಇಂಥ ಸಭೆಗಳಲ್ಲಿ ಮೊದಲು ಬರುವ ಪ್ರಶ್ನೆ ಯಾವಾಗಲೂ ಒಂದೇ: ‘ಸಾರ್, ಇದು ಎಷ್ಟು ಕಿಲೋಮೀಟರ್ ಹೊಡೆಯುತ್ತೆ?’ ಎರಡನೆಯದು, ‘ಎಷ್ಟು ವ್ಯಾಟ್?’ ಡಬ್ಬದ ಮೇಲೆ ಅಚ್ಚು ಹಾಕುವವರಿಗೂ ಈ ಎರಡು ಪ್ರಶ್ನೆ ಗೊತ್ತು, ಅದಕ್ಕೇ ಎರಡಕ್ಕೂ ದೊಡ್ಡಕ್ಷರದಲ್ಲಿ ಉತ್ತರ ಬರೆದಿರುತ್ತಾರೆ. ಇವತ್ತು ನನ್ನ ಕೆಲಸ ಇವೆರಡನ್ನೂ ನಿಮ್ಮ ತಲೆಯಿಂದ ಇಳಿಸಿ, ಆ ಜಾಗದಲ್ಲಿ ಒಂದೇ ಪ್ರಶ್ನೆ ಇಡುವುದು: ನಿಮ್ಮ ಆಂಟೆನಾ ಎಷ್ಟು ಎತ್ತರದಲ್ಲಿದೆ?

ಲೆಕ್ಕ ನೋಡೋಣ. ಎರಡು ಮೀಟರ್ ಬ್ಯಾಂಡ್, ಅಂದರೆ ನಮ್ಮಲ್ಲಿ 144ರಿಂದ 146 ಮೆಗಾಹರ್ಟ್ಜ್. ಈ ಅಲೆಗಳು ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ದೂರದಷ್ಟೇ ಹೋಗುತ್ತವೆ, ಸ್ವಲ್ಪ ಬಗ್ಗುತ್ತವೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ವರ್ಗಮೂಲ ಮಾಡಿ, 4.12ರಿಂದ ಗುಣಿಸಿ. ದಿಗಂತ ಎಷ್ಟು ಕಿಲೋಮೀಟರ್ ಎಂದು ಬರುತ್ತೆ. ಕೈಯಲ್ಲಿ ಹಿಡಿದ ಸೆಟ್ಟಿನ ಆಂಟೆನಾ ನೆಲದಿಂದ ಒಂದೂವರೆ ಮೀಟರ್, ದಿಗಂತ 5 ಕಿಲೋಮೀಟರ್. ಎದುರಿನವರೂ ಹಾಗೇ ನಿಂತಿದ್ದರೆ ಇಬ್ಬರದೂ ಸೇರಿ 10. ಅದೂ ಹೊಲದಂಥ ಬಯಲಿನಲ್ಲಿ. ಜಯನಗರದ ಯಾವುದಾದರೂ ಅಡ್ಡರಸ್ತೆಯಲ್ಲಿ ನಿಂತರೆ ನಡುವೆ ಕಾಂಕ್ರೀಟು, ಮರ, ನೀರಿನ ಟ್ಯಾಂಕು. ಎರಡು ಕಿಲೋಮೀಟರ್ ದಾಟಿದರೆ ಪುಣ್ಯ.

ಅದೇ ಆಂಟೆನಾವನ್ನು ಮೂರಂತಸ್ತಿನ ಮನೆಯ ಮೇಲೆ 12 ಮೀಟರಿಗೆ ಏರಿಸಿ, ದಿಗಂತ 14 ಕಿಲೋಮೀಟರ್. ನಂದಿಬೆಟ್ಟಕ್ಕೆ ಹೋಗಿ. ಅದು 1478 ಮೀಟರ್, ಬೆಂಗಳೂರು ಸುಮಾರು 920. ಊರಿಗಿಂತ 558 ಮೀಟರ್ ಮೇಲೆ. ದಿಗಂತ 97 ಕಿಲೋಮೀಟರ್! ಸೆಟ್ಟು ಅದೇ, ಬ್ಯಾಟರಿ ಅದೇ, ಬದಲಾದದ್ದು ನೀವು ನಿಂತ ಜಾಗ. ನಮ್ಮ ಮಾತನ್ನು ಹಿಡಿದು ಮತ್ತೆ ಜೋರಾಗಿ ಕಳಿಸುವ ರಿಪೀಟರನ್ನು ಬೆಟ್ಟದ ಮೇಲೋ ಟವರಿನ ಮೇಲೋ ಇಡುವುದೂ ಇದಕ್ಕೇ.

ಇನ್ನು ವ್ಯಾಟ್. 5 ವ್ಯಾಟಿನ ಸೆಟ್ ಬಿಟ್ಟು 8 ವ್ಯಾಟಿನದಕ್ಕೆ ದುಡ್ಡು ಕೊಡುತ್ತೀರಿ. ಹೆಚ್ಚಿಗೆ ಸಿಗುವುದು 2 ಡೆಸಿಬೆಲ್. ಎದುರಿನವರ ಸೆಟ್ಟಿನಲ್ಲಿ ಸಿಗ್ನಲ್ ಬಲ ತೋರಿಸುವ ಮುಳ್ಳು ಒಂದು ಮನೆ, ಅಂದರೆ ಒಂದು ಎಸ್ ಯೂನಿಟ್ ಏರಬೇಕಾದರೆ 6 ಡೆಸಿಬೆಲ್ ಬೇಕು, ಅಂದರೆ ನಾಲ್ಕು ಪಟ್ಟು ಪವರ್. 5 ಇದ್ದದ್ದು 20 ಆಗಬೇಕು. 8 ವ್ಯಾಟಿಗೆ ಮುಳ್ಳು ಅರ್ಧ ಯೂನಿಟ್ ಕೂಡ ಅಲ್ಲಾಡಲ್ಲ. ಅಲ್ಲಾಡುವುದು ನಿಮ್ಮ ಬ್ಯಾಟರಿ, ಇಳಿಯುವ ಕಡೆಗೆ.

ಇಲ್ಲಿ ಮಾರ್ಕೋನಿ ಕಥೆ ಹೇಳದೆ ಮುಂದೆ ಹೋಗಲಾರೆ. ಸಂಘಟಕರು ಗಡಿಯಾರ ನೋಡಬೇಡಿ. 1901. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಪೋಲ್ಧು ಎಂಬ ಕಡಲತಡಿಯಲ್ಲಿ, ಅಟ್ಲಾಂಟಿಕ್ ದಾಟಿ ಸಿಗ್ನಲ್ ಕಳಿಸಲು ಅವನು ಕಟ್ಟಿಸಿದ ದೊಡ್ಡ ಸ್ಟೇಷನ್. ಸುತ್ತಲೂ 20 ಕಂಬ, ಒಂದೊಂದೂ 200 ಅಡಿ. ಸೆಪ್ಟೆಂಬರಿನ ಬಿರುಗಾಳಿಗೆ ಅಷ್ಟೂ ಉರುಳಿದವು. ಅಟ್ಲಾಂಟಿಕ್‌ನ ಆಚೆ ಅಮೆರಿಕದ ಕೇಪ್ ಕಾಡ್‌ನಲ್ಲಿ ಅಂಥದೇ ಇನ್ನೊಂದು ಸಾಲು, ನವೆಂಬರಿನಲ್ಲಿ ಅದೂ ಬಿತ್ತು. ನಮ್ಮ ನಿಮ್ಮಂಥವರಾಗಿದ್ದರೆ ಮನೆಯಲ್ಲಿ ಏನೇನು ಮಾತು ಕೇಳಬೇಕಾಗಿತ್ತೋ! ಈ ಮನುಷ್ಯ ಮಾಡಿದ್ದೇನು? ಪೋಲ್ಧುವಿನಲ್ಲಿ ತಾತ್ಕಾಲಿಕ ಆಂಟೆನಾ ಕಟ್ಟಿಸಿ, ಕೆಂಪ್ ಮತ್ತು ಪ್ಯಾಜೆಟ್ ಎಂಬ ಇಬ್ಬರು ಸಹಾಯಕರ ಜೊತೆ ಅಟ್ಲಾಂಟಿಕ್‌ನ ಆಚೆ, ಈಗಿನ ಕೆನಡಾದ ನ್ಯೂಫೌಂಡ್‌ಲ್ಯಾಂಡಿಗೆ ಹಡಗು ಹತ್ತಿದ. ಸಾಮಾನಿನಲ್ಲಿ ಕಂಬ ಇಲ್ಲ. ಬಲೂನು, ಗಾಳಿಪಟ.

ಸೇಂಟ್ ಜಾನ್ಸ್ ಊರಿನ ಸಿಗ್ನಲ್ ಹಿಲ್. ಹೆಸರಿನಲ್ಲೇ ಗುಡ್ಡ ಇದೆ, ಗಮನಿಸಿ. ಡಿಸೆಂಬರ್ ಚಳಿ. ಮೊದಲು ಬಲೂನು ಬಿಟ್ಟರು, ಗಾಳಿ ಹಗ್ಗ ಹರಿದು ಕಡಲಿಗೆ ಒಯ್ದಿತು. ಮರುದಿನ, 12ನೇ ತಾರೀಖು, ಗಾಳಿಪಟ ಏರಿಸಿದರು, ಅದೂ ತಂತಿ ಕಿತ್ತುಕೊಂಡು ಹೋಯಿತು. ಇನ್ನೊಂದು ಏರಿಸಿದರು. ನಮ್ಮ ಆಷಾಢದಲ್ಲಿ ಪಟ ಬಿಟ್ಟವರಿಗೆ ಗೊತ್ತು, ಆ ಗಾಳಿಗೆ ಪಟ ಒಂದು ಕಡೆ ನಿಲ್ಲುವುದಿಲ್ಲ, ಲಾಗ ಹಾಕುತ್ತೆ. ಆ ಪಟದ ಬಾಲಕ್ಕೆ 500 ಅಡಿ ತಂತಿ. ಕೆಳಗೆ ಕೋಣೆಯಲ್ಲಿ ಕಿವಿಗೆ ಟೆಲಿಫೋನ್ ಇಯರ್‌ಪೀಸ್ ಹಿಡಿದು ಕೂತ ಮಾರ್ಕೋನಿ. ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಮೂರು ಚುಕ್ಕೆ ಕೇಳಿಸಿದವು, ಮೋರ್ಸ್‌ನ ‘ಎಸ್’. ತನ್ನ ಕಿವಿಯನ್ನೇ ನಂಬದೆ ಇಯರ್‌ಪೀಸನ್ನು ಕೆಂಪ್ ಕೈಗೆ ಕೊಟ್ಟ. ಅವನಿಗೂ ಕೇಳಿಸಿತು. ಹಾಡುಹಗಲಲ್ಲಿ ಆ ತರಂಗ 3400 ಕಿಲೋಮೀಟರ್ ದಾಟಿದ್ದು ನಿಜವೇ, ವಾತಾವರಣದ ರೇಡಿಯೋ ಗದ್ದಲವನ್ನೇ ಚುಕ್ಕೆ ಎಂದುಕೊಂಡರೇ ಎಂದು ಈಗಲೂ ತಕರಾರು ತೆಗೆಯುವವರಿದ್ದಾರೆ. ಇರಲಿ. ಪೋಲ್ಧುವಿನಲ್ಲಿ ಪವರ್ ಕಿಲೋವ್ಯಾಟ್‌ಗಟ್ಟಲೆ ಇತ್ತು, ಅದನ್ನೂ ಒಪ್ಪುತ್ತೇನೆ. ಆದರೆ ಕೇಳುವ ತುದಿಯಲ್ಲಿ ಇದ್ದದ್ದು ಒಂದು ಇಯರ್‌ಪೀಸು, ಒಂದು ಉದ್ದದ ತಂತಿ, ಒಂದು ಗುಡ್ಡ. ಮೂರು ದಿನ ಅವರು ಒದ್ದಾಡಿದ್ದು ಆ ತಂತಿಯನ್ನು ಮೇಲೆ ನಿಲ್ಲಿಸುವುದಕ್ಕೆ.

ಸರಿ, ಅಂಗಡಿಗೆ ಬರೋಣ. ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಸೆಟ್ಟನ್ನು ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದೇ ತಪ್ಪು ಎಂಬುದು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಿಂದ ಬಂದ ಮಾತು. ಮಕ್ಕಳ ಆಟಕ್ಕೆ, ಚಾರಣಕ್ಕೆ ಅಂತ ಲೈಸೆನ್ಸ್ ಬೇಡದ ವಾಕಿಟಾಕಿಗಳೂ ಇವೆ, ಅವು 446.0ರಿಂದ 446.2 ಮೆಗಾಹರ್ಟ್ಜ್ ಒಳಗೆ, ಕಡಿಮೆ ಪವರ್‌ನಲ್ಲಿ ಕೆಲಸ ಮಾಡಬೇಕು. ಫ್ರೀಕ್ವೆನ್ಸಿಯನ್ನೇ ಬರೆಯದೆ ಆನ್‌ಲೈನ್‌ನಲ್ಲಿ ವಾಕಿಟಾಕಿ ಮಾರುತ್ತಿದ್ದಾರೆ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ಕೊಳ್ಳುವಾಗ ಇಟಿಎ, ಅಂದರೆ ಆ ಮಾಡೆಲ್ಲಿಗೆ ಸರ್ಕಾರದ ಅನುಮೋದನೆ, ಇದೆಯೇ ಕೇಳಿ, ಬಿಲ್ಲಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿ. ಬಿಲ್ ಇಲ್ಲದೆ ಸಾವಿರ ರೂಪಾಯಿ ಕಡಿಮೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ಸೆಟ್ಟಿನಲ್ಲಿ ಏನು ನೋಡಬೇಕು? ಎರಡು ಮೀಟರ್ ಮತ್ತು 70 ಸೆಂಟಿಮೀಟರ್, ಎರಡೂ ಬ್ಯಾಂಡ್ ಇರಲಿ. 70 ಸೆಂಟಿಮೀಟರ್ ನಮಗೆ 434ರಿಂದ 438 ಮೆಗಾಹರ್ಟ್ಜ್. ಬಾಹ್ಯಾಕಾಶ ನಿಲ್ದಾಣದ ರಿಪೀಟರಿಗೆ 145.990ರಲ್ಲಿ, ರಿಪೀಟರಿನ ಬಾಗಿಲು ತೆರೆಸುವ 67 ಹರ್ಟ್ಜ್ ಸದ್ದು, ಅಂದರೆ ಟೋನ್ ಹಾಕಿ ಮಾತು ಕಳಿಸಿ 437.800ರಲ್ಲಿ ಕೇಳಬೇಕು, ಒಂದೇ ಬ್ಯಾಂಡಿನ ಸೆಟ್ಟಿಗೆ ಆ ಬಾಗಿಲು ಮುಚ್ಚಿದ ಹಾಗೆ. ಬಣ್ಣದ ಪರದೆ, ಜಿಪಿಎಸ್, ಡಿಜಿಟಲ್ ಮೋಡು ಮೊದಲ ಸೆಟ್ಟಿಗೆ ಬೇಡ. ನಿಮ್ಮೂರಿನ ರಿಪೀಟರ್ ಎಫ್‌ಎಂ ಆಗಿದ್ದರೆ ಡಿಜಿಟಲ್ ಸೆಟ್ಟಿನ ಡಿಜಿಟಲ್ ಭಾಗ ಆರತಿ ಎತ್ತಿ ಇಡಲಿಕ್ಕಷ್ಟೇ.

ಅಗ್ಗದ್ದೋ ದುಬಾರಿಯದೋ? ಯುವಿ-5ಆರ್ ಥರದ ಅಗ್ಗದ ಚೀನಿ ಸೆಟ್ಟಿಗೂ ಯೇಸು, ಐಕಾಮ್‌ನಂಥ ಕಂಪನಿಗಳ ಜಪಾನಿ ಸೆಟ್ಟಿಗೂ ಮಾತು ಕಳಿಸುವುದರಲ್ಲಿ ವ್ಯತ್ಯಾಸ ಕಡಿಮೆ, ಕೇಳುವುದರಲ್ಲಿ ಹೆಚ್ಚು. ಹತ್ತಿರದಲ್ಲಿ ಜೋರಾದ ಟವರ್ ಇದ್ದರೆ ಅಗ್ಗದ ರಿಸೀವರ್ ಕಿವುಡಾಗುತ್ತೆ. ಮಾತು ನಿಂತೇಹೋಗುತ್ತೆ, ಇಲ್ಲವೇ ಎಲ್ಲೆಲ್ಲಿಯದೋ ಸದ್ದು ನುಗ್ಗುತ್ತೆ. ದೊಡ್ಡ ಆಂಟೆನಾ ಹಾಕಿದಾಗ ಇದು ಇನ್ನೂ ಹೆಚ್ಚು. ಇನ್ನೊಂದು ವಿಷಯ, ಯುವಿ-5ಆರ್‌ನಂಥವು ಹ್ಯಾಮ್ ಬ್ಯಾಂಡಿನ ಆಚೆಗೂ ಟ್ರಾನ್ಸ್‌ಮಿಟ್ ಆಗುತ್ತವೆ. ನಂಬರ್ ಒತ್ತುವಾಗ ಒಂದು ಅಂಕಿ ತಪ್ಪಿದರೆ ನೀವು ಯಾರ ಮಧ್ಯೆ ಬಾಯಿ ಹಾಕುತ್ತೀರೋ ಗೊತ್ತಿಲ್ಲ. ಅದಕ್ಕೆ ಚಾನೆಲ್‌ಗಳನ್ನು ತುಂಬಿ, ಚಾನೆಲ್ ಮೋಡಿನಲ್ಲೇ ಬಳಸಿ.

ತುಂಬುವುದಕ್ಕೆ ಚಿರ್ಪ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಮೊದಲು ಸೆಟ್ಟಿನಿಂದ ಓದಿ, ಆ ಫೈಲನ್ನು ಹಾಗೇ ತೆಗೆದಿಡಿ, ಆಮೇಲೆ ಬರೆಯಿರಿ. ‘ರೇಡಿಯೋ ಉತ್ತರ ಕೊಡುತ್ತಿಲ್ಲ’ ಎಂದು ಬಂದರೆ ಹತ್ತರಲ್ಲಿ ಏಳು ಸಲ ಎರಡು ಪಿನ್ನಿನ ಆ ಪ್ಲಗ್ ಪೂರ್ತಿ ಒಳಗೆ ಕೂತಿರುವುದಿಲ್ಲ. ಟಕ್ ಅನ್ನುವವರೆಗೆ ಒತ್ತಿ. ಉಳಿದ ಸಲ ಕೇಬಲ್ಲಿನೊಳಗಿನ ನಕಲಿ ಚಿಪ್ಪಿಗೂ ವಿಂಡೋಸ್‌ನ ಹೊಸ ಡ್ರೈವರಿಗೂ ಜಗಳ.

ಕಂಪ್ಯೂಟರ್ ಇಲ್ಲವೇ? ಕೈಯಲ್ಲೇ ಮಾಡಬಹುದು. ರಿಪೀಟರನ್ನು 145.700ರಲ್ಲಿ ಕೇಳುತ್ತೀರಿ ಅಂದುಕೊಳ್ಳಿ, ಕಳಿಸಬೇಕಾದ್ದು 145.100ರಲ್ಲಿ. ಯುವಿ-5ಆರ್‌ನಲ್ಲಿ ಮೆನು 25ರಲ್ಲಿ ಮೈನಸ್, 26ರಲ್ಲಿ 00.600, 13ರಲ್ಲಿ ರಿಪೀಟರಿನ ಟೋನ್. 11ನ್ನು ಮುಟ್ಟಬೇಡಿ. ಅದು ಕೇಳುವ ಟೋನ್. ರಿಪೀಟರ್ ಆ ಟೋನನ್ನು ವಾಪಸ್ ಕಳಿಸದಿದ್ದರೆ ನಿಮ್ಮ ಸೆಟ್ ಮೂಕಾಗುತ್ತೆ, ನೀವು ಸೆಟ್ ಕೆಟ್ಟಿದೆ ಅಂತ ಅಂಗಡಿಗೆ ಓಡುತ್ತೀರಿ. ಮೆನು 7, ಡ್ಯುಯಲ್ ವಾಚ್, ಆಫ್ ಮಾಡಿ. ಅದು ಆನ್ ಇದ್ದರೆ ಪರದೆಯ ಕೆಳಗಿನ ಸಾಲಿನ ಫ್ರೀಕ್ವೆನ್ಸಿಯಲ್ಲಿ ಯಾರೋ ಮಾತಾಡಿದ ಮರುಕ್ಷಣ ನೀವು ಪಿಟಿಟಿ, ಅಂದರೆ ಮಾತಾಡುವ ಗುಂಡಿ ಒತ್ತಿದಾಗ ಮಾತು ಆ ಸಾಲಿನಲ್ಲಿ ಹೋಗುತ್ತೆ. ಹೊಸಬರು ‘ಯಾರೂ ಉತ್ತರ ಕೊಡಲ್ಲ, ಸೊಕ್ಕು’ ಅಂದುಕೊಳ್ಳುವುದರ ಹಿಂದೆ ಅರ್ಧ ಸಲ ಈ ಮೆನು 7 ಇರುತ್ತೆ.

ಈಗ ಎತ್ತರಕ್ಕೆ ವಾಪಸ್. ಹೌದು, ಮತ್ತೆ ಅದೇ.

ಸೆಟ್ಟಿನ ಜೊತೆ ಬರುವ ಕುಳ್ಳ ರಬ್ಬರ್ ಆಂಟೆನಾ ಅರ್ಧ ಆಂಟೆನಾ, ಉಳಿದರ್ಧ ನಿಮ್ಮ ಕೈ. ಸೆಟ್ಟನ್ನು ಮೇಜಿನ ಮೇಲಿಟ್ಟರೆ ಆ ಅರ್ಧವೂ ಹೋಯಿತು. 49 ಸೆಂಟಿಮೀಟರ್ ವೈರ್ ತೆಗೆದುಕೊಳ್ಳಿ, ತುದಿ ಸುಲಿದು ಆಂಟೆನಾದ ಬುಡದ ಹೊರಗಿನ ಲೋಹಕ್ಕೆ ಬಿಗಿಯಾಗಿ ಸುತ್ತಿ, ಬಾಲದ ಹಾಗೆ ಕೆಳಕ್ಕೆ ಇಳಿಬಿಡಿ. ನಡುವಿನ ಪಿನ್ನಿಗೆ ಮಾತ್ರ ತಾಗಕೂಡದು. ಖರ್ಚು ಹತ್ತು ರೂಪಾಯಿ, ಫಲ ಆ 8 ವ್ಯಾಟಿಗಿಂತ ಹೆಚ್ಚು.

ತಾರಸಿಗೆ ನನ್ನ ಕೈಯಲ್ಲಿರುವ ಈ ಆಂಟೆನಾ. ಕಾಣಿಸ್ತಿದೆಯಾ? ಇದರ ಬುಡ ಎಸ್‌ಒ-239 ಎಂಬ ಕೇಬಲ್ ಸಾಕೆಟ್, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತೆ. ಚೌಕದ ತಗಡು, ನಾಲ್ಕು ಮೂಲೆಗೆ ನಾಲ್ಕು ತೂತು, ನಡುವೆ ಬಿಳಿ ಟೆಫ್ಲಾನ್, ಅದರೊಳಗೆ ಟೊಳ್ಳು ಪಿನ್ನು. 12 ಗೇಜಿನ ಗಟ್ಟಿ ತಾಮ್ರದ ತಂತಿ ಮೂರು ಮೀಟರ್ ಸಾಕು. ಪಿನ್ನಿಗೆ ನೆಟ್ಟಗೆ ನಿಲ್ಲುವ ತಂತಿ 51 ಸೆಂಟಿಮೀಟರ್, ಮೂಲೆಗಳಿಗೆ 52ರ ನಾಲ್ಕು ತಂತಿ, ಲಗ್ ಹಾಕಿ ಬೋಲ್ಟ್ ಬಿಗಿಯಬೇಕು. ಆ ನಾಲ್ಕನ್ನೂ 45 ಡಿಗ್ರಿ ಕೆಳಕ್ಕೆ ಬಗ್ಗಿಸಿ. ಅಡ್ಡಡ್ಡ ಚಾಚಿದರೆ ಸುಮಾರು 36 ಓಮ್ ತೋರಿಸುತ್ತೆ, ಬಗ್ಗಿಸಿದರೆ 50ರ ಹತ್ತಿರ ಬರುತ್ತೆ, ಕೇಬಲ್ಲಿಗೆ ಬೇಕಾದ್ದೂ ಅದೇ.

ಬೆಸುಗೆಗೆ 25 ವ್ಯಾಟಿನ ಐರನ್ ಬೇಡ. ತಗಡು, ಪಿನ್ನು, ತಂತಿ ಮೂರೂ ಸೇರಿ ಶಾಖ ಕುಡಿದುಬಿಡುತ್ತವೆ, ಸೀಸ ಕರಗಿ ಹರಿಯದೆ ಉಂಡೆಯಾಗಿ ಕೂರುತ್ತೆ. ನೋಡಲಿಕ್ಕೆ ಅಂಟಿದ ಹಾಗೆ, ಒಳಗೆ ಡ್ರೈ ಸೋಲ್ಡರ್. ಮೊದಲ ಗಾಳಿಗೆ ಕೈಕೊಡುತ್ತೆ. 60 ವ್ಯಾಟಿನದು ಬಳಸಿ, ಪಿನ್ನನ್ನು ಕಾಯಿಸಿ, ಸೀಸ ತಾನಾಗಿ ಒಳಗೆ ಇಳಿಯಬೇಕು.

51 ಯಾಕೆ, ಬೇಕಾದ್ದು 49 ಅಲ್ಲವೇ? ಕತ್ತರಿಸಬಹುದು, ಅಂಟಿಸಲಾಗದು, ಅದಕ್ಕೆ. ತಲೆಗಿಂತ ಎತ್ತರದಲ್ಲಿ ನಿಲ್ಲಿಸಿ 144, 145, 146ರಲ್ಲಿ ಎಸ್‌ಡಬ್ಲ್ಯುಆರ್, ಅಂದರೆ ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಎಂಬ ಅಳತೆ, ನೋಡಿ. 144ರ ಕಡೆ ಕಡಿಮೆ ಇದ್ದರೆ ತಂತಿ ಉದ್ದ. 5 ಮಿಲಿಮೀಟರ್ ಕತ್ತರಿಸಿದರೆ ಸುಮಾರು ಒಂದೂವರೆ ಮೆಗಾಹರ್ಟ್ಜ್ ಮೇಲೆ ಸರಿಯುತ್ತೆ. ಕೊನೆಗೆ ಎರಡೆರಡು ಮಿಲಿಮೀಟರ್. 145ರಲ್ಲಿ 1.5ರ ಒಳಗೆ ಬಂದರೆ ಕಟ್ಟಿಂಗ್ ಪ್ಲೇಯರನ್ನು ಜೇಬಿಗೆ ಹಾಕಿ. 1.1 ಮಾಡುತ್ತೇನೆ ಅಂತ ಹೊರಟವರು ಎರಡನೇ ತಂತಿ ಕೊಳ್ಳುತ್ತಾರೆ.

ಕೇಬಲ್. ಆರ್‌ಜಿ-58 ಅಗ್ಗ, ಆದರೆ 145 ಮೆಗಾಹರ್ಟ್ಜ್‌ನಲ್ಲಿ 15 ಮೀಟರಿಗೆ ಸುಮಾರು 3 ಡೆಸಿಬೆಲ್ ನುಂಗುತ್ತೆ. ನಿಮ್ಮ 5 ವ್ಯಾಟಿನಲ್ಲಿ ತಾರಸಿ ತಲುಪುವುದು ಎರಡೂವರೆ. ಅಷ್ಟು ಕಳೆದುಕೊಂಡರೂ ಹಾಲ್‌ನಲ್ಲಿ ಕೂತು ರಬ್ಬರ್ ಆಂಟೆನಾದಲ್ಲಿ ಮಾತಾಡುವುದಕ್ಕಿಂತ ಎಷ್ಟೋ ಮೇಲು. ದುಡ್ಡಿದ್ದರೆ ಆರ್‌ಜಿ-213, ನಷ್ಟ ಅರ್ಧಕ್ಕಿಂತ ಕಡಿಮೆ. ಆದರೆ ಆ ದಪ್ಪ ಕೇಬಲ್ಲನ್ನು ನೇರವಾಗಿ ಹ್ಯಾಂಡಿಯ ಎಸ್‌ಎಂಎ ಕನೆಕ್ಟರಿಗೆ ತಿರುಗಿಸಿದರೆ ಭಾರಕ್ಕೆ ಕನೆಕ್ಟರ್ ಕಿತ್ತುಬರುತ್ತೆ. ಮಧ್ಯೆ ಗೇಣುದ್ದದ ತೆಳು ಕೇಬಲ್ ಹಾಕಿ. ಎಸ್‌ಎಂಎಯಲ್ಲಿ ಗಂಡು ಹೆಣ್ಣು ನೋಡಿ ಕೊಳ್ಳಿ, ಯುವಿ-5ಆರ್‌ಗೂ ಜಪಾನಿ ಸೆಟ್ಟುಗಳಿಗೂ ಇದು ಉಲ್ಟಾ.

ಚೀಟಿ ಬಂತು, ಐದು ನಿಮಿಷ ಅಂತೆ. ಮಾರ್ಕೋನಿಯ ತಪ್ಪು, ನನ್ನದಲ್ಲ.

ಮೊಬೈಲ್ ರಿಗ್, ಅಂದರೆ ಕಾರಿನಲ್ಲಿ ಕೂರಿಸುವಂಥ ಸೆಟ್: 50 ವ್ಯಾಟಿನದಕ್ಕೆ 13.8 ವೋಲ್ಟ್‌ನಲ್ಲಿ 10-12 ಆಂಪಿಯರ್ ಬೇಕು, 20 ಆಂಪಿಯರಿನ ಪವರ್ ಸಪ್ಲೈ ತೆಗೆದುಕೊಳ್ಳಿ. ನಿಮ್ಮ ಲೈಸೆನ್ಸಿನ ವ್ಯಾಟ್ ಮಿತಿ ಮೊದಲು ನೋಡಿ.

ಎಚ್‌ಎಫ್, ಅಂದರೆ ಶಾರ್ಟ್‌ವೇವ್: ‘ವಿಪತ್ತು ಬಂದಾಗ ಉಪಯೋಗಕ್ಕೆ’ ಅಂತ ಹ್ಯಾಂಡಿ ಕೊಳ್ಳುವವರಿಗೆ ಒಂದು ಮಾತು. 2004ರ ಸುನಾಮಿಯಲ್ಲಿ ಪೋರ್ಟ್ ಬ್ಲೇರ್‌ನಿಂದ ಭಾರತಿ ಪ್ರಸಾದ್ ಅವರ ವಿಯು4ಆರ್‌ಬಿಐ ಮುಖ್ಯಭೂಮಿಯನ್ನು ಮುಟ್ಟಿದ್ದು ಎಚ್‌ಎಫ್‌ನಲ್ಲಿ. 40 ಮೀಟರ್ ಬ್ಯಾಂಡಿನ ಡೈಪೋಲ್, ಅಂದರೆ ಎರಡು ಕಾಲಿನ ತಂತಿ ಆಂಟೆನಾ, ಒಟ್ಟು 20 ಮೀಟರ್ ಉದ್ದ. ನಿಮ್ಮ 30-40 ಸೈಟಿನ ಕರ್ಣ 50 ಅಡಿ, ಅಂದರೆ 15 ಮೀಟರ್ ಚಿಲ್ಲರೆ, ಹಿಡಿಸಲ್ಲ. ನಡುವೆ ಆರೂವರೆ ಮೀಟರಿನ ಕಂಬ ನೆಟ್ಟು ಎರಡು ಕಾಲನ್ನೂ ಮೂಲೆಗಳಿಗೆ ಇಳಿಸಿ, ಒಂದೊಂದು ಕಾಲೂ ಸರಿಯಾಗಿ 10 ಮೀಟರ್ ಆಗುತ್ತೆ, ಪೈಥಾಗೊರಸ್ ಹಾಕಿ ನೋಡಿ. ತುದಿಗಳಲ್ಲಿ ವೋಲ್ಟೇಜ್ ಜೋರು, ಬಟ್ಟೆ ಒಣಹಾಕುವ ಹಗ್ಗದಿಂದ, ಮಕ್ಕಳ ಕೈಯಿಂದ ದೂರ ಇರಲಿ.

ಬ್ಯಾಟರಿ, ಮೈಕು, ಸೆಕೆಂಡ್ ಹ್ಯಾಂಡ್ ಸೆಟ್ಟು, ಈ ಮೂರು ಪುಟ ಮಡಿಸಿಡುತ್ತೇನೆ. ಟೀ ಆದ ಮೇಲೆ ಇದೇ ಕಟ್ಟಡದ ತಾರಸಿಗೆ ಹೋಗಿ ಈ ಆಂಟೆನಾ ಏರಿಸಿ ಕತ್ತರಿಸೋಣ. ಟೇಪು, ಕಟ್ಟಿಂಗ್ ಪ್ಲೇಯರು ನಾನು ತಂದಿದ್ದೇನೆ. ಮೆಟ್ಟಿಲ ಕೊನೆಯಲ್ಲಿ ಟ್ಯಾಂಕಿನ ಪೈಪು ತಲೆಗೆ ತಾಗುತ್ತೆ, ಬಗ್ಗಿ ಬನ್ನಿ. 73, ಅಂದರೆ ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ.