ಬೆಂಗಳೂರಿನಲ್ಲಿ ಸಮುದ್ರ ಎಲ್ಲಿದೆ?

ಲಾಲ್‌ಬಾಗ್ ಬಂಡೆ. ಗಾಳಿ ಸದ್ದು ಜಾಸ್ತಿ ಇತ್ತು, ಅದಕ್ಕೇ ವಾಯ್ಸ್ ಆಮೇಲೆ ಕೊಡುತ್ತಿದ್ದೇನೆ. ಅಲ್ಲಿ ಕಾಣುತ್ತಿರುವುದು ಕೆಂಪೇಗೌಡ ಗೋಪುರ. ಬಂದವರೆಲ್ಲ ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನನಗೆ ಬೇಕಿರುವುದು ಅದರ ಹಿಂದಿನ ಮೋಡ.

ಜೂನ್ ತಿಂಗಳು, ಮುಂಗಾರು ಗಾಳಿ. ಮೋಡ ಪಶ್ಚಿಮದಿಂದ ನುಗ್ಗಿ ಬರುತ್ತಿದೆ. ಈ ಊರಲ್ಲಿ ಸಮುದ್ರ ಇಲ್ಲ ಅಂತ ಕೊರಗುವ ಫೋಟೋಗ್ರಾಫರ್‌ಗಳಿಗೆ ಒಂದೇ ಮಾತು: ತಲೆ ಎತ್ತಿ. ಚಲಿಸುವುದೊಂದು, ಅಲುಗಾಡದ್ದೊಂದು. ಲಾಂಗ್ ಎಕ್ಸ್‌ಪೋಷರ್‌ಗೆ, ಅಂದರೆ ಶಟರ್ ಹೆಚ್ಚು ಹೊತ್ತು ತೆರೆದಿಟ್ಟು ತೆಗೆಯುವ ಫೋಟೋಗೆ, ಇಷ್ಟು ಸಾಕು.

ಹಾಂ, ಈ ಫಿಲ್ಟರ್. ಇದರ ಕಥೆ ಹೇಳಲೇಬೇಕು. ವೇರಿಯಬಲ್ ಎನ್‌ಡಿ, ಅಂದರೆ ಲೆನ್ಸಿಗೆ ಬರುವ ಬೆಳಕನ್ನು ತಿರುಗಿಸಿ ಬೇಕಾದಷ್ಟು ತಗ್ಗಿಸುವ ಗಾಜು. 3,200 ರೂಪಾಯಿ ಕೊಟ್ಟಿದ್ದೇನೆ. ಅಂಗಡಿಯವರು "ಇದೊಂದಿದ್ರೆ ಬೇರೆ ಯಾವುದೂ ಬೇಡ" ಅಂದರು. ಫುಲ್ ತಿರುಗಿಸಿ ತೆಗೆದ ಫೋಟೋ ಈಗ ಸ್ಕ್ರೀನ್ ಮೇಲಿದೆ, ನೋಡಿ. ಆಕಾಶದ ಈ ಮೂಲೆಯಿಂದ ಆ ಮೂಲೆಗೆ ಕಪ್ಪು ಕತ್ತರಿ ಗುರುತು. ಮೇಷ್ಟ್ರು ಉತ್ತರ ಪತ್ರಿಕೆ ಮೇಲೆ ತಪ್ಪು ಅಂತ ಎಳೆದ ಹಾಗಿದೆ! ಅಂಗಡಿಗೆ ವಾಪಸ್ ಹೋಗಿ ತೋರಿಸಿದೆ. "ನಿಮ್ಮ ಲೆನ್ಸ್ ಪ್ರಾಬ್ಲಮ್" ಅಂದರು. ಲೆನ್ಸ್ ಪ್ರಾಬ್ಲಮ್ ಅಂತೆ! ಇದರೊಳಗೆ ಎರಡು ಪೋಲರೈಸರ್ ಗಾಜುಗಳಿರುತ್ತವೆ. ಒಂದನ್ನು ತಿರುಗಿಸಿದಷ್ಟೂ ಬೆಳಕು ಕಡಿಮೆ. ವೈಡ್ ಲೆನ್ಸಿನಲ್ಲಿ ಅಂಚಿನ ಬೆಳಕು ಓರೆಯಾಗಿ ಬರುತ್ತದೆ, ಅದನ್ನು ಗಾಜು ಎಲ್ಲ ಕಡೆ ಒಂದೇ ಸಮ ತಡೆಯುವುದಿಲ್ಲ. ಅದಕ್ಕೇ ಕತ್ತರಿ. ಇದನ್ನು ಮಾರುವವರು ಮೊದಲೇ ಹೇಳಬೇಕಿತ್ತು, ಅಲ್ವಾ? ರಿಟರ್ನ್ ಇಲ್ಲ, ಎಕ್ಸ್‌ಚೇಂಜ್ ಇಲ್ಲ. ಬಿಲ್ಲಿನ ಹಿಂದೆ ಇರುವೆಯಷ್ಟು ಅಕ್ಷರದಲ್ಲಿ ಹಾಕಿದ್ದಾರೆ. ವಿಡಿಯೋಗೆ ಅರ್ಧ ತಿರುಗಿಸಿ ಬಳಸುತ್ತೇನೆ, ಕೊಟ್ಟ ದುಡ್ಡಿಗೆ ಅಷ್ಟಾದರೂ ಆಗಲಿ.

ಈಗ ಹಾಕುತ್ತಿರುವುದು ಬೇರೆ, ಫಿಕ್ಸೆಡ್ 10 ಸ್ಟಾಪ್. ಬೆಳಕನ್ನು ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. 1/30 ಸೆಕೆಂಡಿನ ಶಾಟ್ 30 ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಫೋಕಸ್ ಮೊದಲೇ ಮಾಡಿಕೊಳ್ಳಿ. ಫಿಲ್ಟರ್ ಹಾಕಿದ ಮೇಲೆ ಕತ್ತಲೆ.

ಶಟರ್ ತೆರೆಯಿತು. ಇನ್ನು ಏನೂ ಮಾಡುವ ಹಾಗಿಲ್ಲ.

ಫೋಟೋಗ್ರಫಿ ಅಂದರೆ ಧ್ಯಾನ ಅನ್ನುವವರನ್ನು ಕಂಡರೆ ನನಗೆ ಕಿರಿಕಿರಿ. ಧ್ಯಾನಕ್ಕೆ ಇಷ್ಟು ದುಡ್ಡು ಯಾಕೆ ಸುರಿಯಬೇಕು? ಮನೆಯಲ್ಲಿ ಚಾಪೆ ಇಲ್ವಾ? ಇಲ್ಲಿ ಸೊಳ್ಳೆ ಬೇರೆ. ಹಿಂದಿನಿಂದ ವಾಕಿಂಗ್ ಅಂಕಲ್ ಒಬ್ಬರು "ಯಾವ ಚಾನೆಲ್ಲು?" ಅಂತ ಕೇಳುತ್ತಿದ್ದಾರೆ. ಕೇಳಿಸಿತಾ?

ಆದರೆ ಟ್ರೈಪಾಡ್ ಮುಟ್ಟುವ ಹಾಗಿಲ್ಲ, ಸ್ಕ್ರೀನ್‌ನಲ್ಲಿ ಏನೂ ಕಾಣುವುದಿಲ್ಲ. ಕಣ್ಣಿಗೆ ಬೇರೆ ಕೆಲಸ ಇಲ್ಲ. ಆಗ ಕಾಲಡಿ ನೋಡುತ್ತೇನೆ. ಬಂಡೆಯಲ್ಲಿ ಬೂದು ಪಟ್ಟೆ, ಪಕ್ಕದಲ್ಲೇ ಬಿಳಿ ಪಟ್ಟೆ. ಇಲ್ಲೊಂದು ಕಡೆ ಬಿಳಿ ಪಟ್ಟೆ ಕಿರುಬೆರಳಿನಷ್ಟು ಸಣ್ಣದಾಗಿ ಬಾಗಿ ಮತ್ತೆ ಅಗಲವಾಗಿದೆ, ನೋಡಿ. ಇದು ಪೆನಿನ್ಸುಲರ್ ನೈಸ್ ಅನ್ನುವ ಶಿಲೆ, ಸುಮಾರು 300 ಕೋಟಿ ವರ್ಷದ ಕಲ್ಲು. ಭೂಗರ್ಭದ ಶಾಖಕ್ಕೆ, ಒತ್ತಡಕ್ಕೆ ಹೀಗೆ ಬಾಗಿದೆ. ಬೆಳಿಗ್ಗೆ ಮನೆಯಲ್ಲಿ ಸೈಟಿನ ವಿಷಯಕ್ಕೆ ಜಗಳ ಆಡಿ ಬಂದಿದ್ದೆ. ಮೂವತ್ತು ನಲವತ್ತು ಸೈಟು. ಇದರ ಮೇಲೆ ನಿಂತು ಅದನ್ನು ನೆನೆದರೆ ನಗು ಬಂತು. ಸಿಟ್ಟೇನೂ ಹೋಗಲಿಲ್ಲ. ಈ ಫೋಟೋ ಕಪ್ಪು ಬಿಳುಪಾಗಿದ್ದು, ಕಾಂಟ್ರಾಸ್ಟ್ ಇಷ್ಟು ಏರಿದ್ದು ಆ ಸಿಟ್ಟಿನಿಂದಲೇ. ಎಡಿಟ್ ಮಾಡುವಾಗ ಗೊತ್ತಾಯ್ತು. ಸರಿ, ಧ್ಯಾನ ಅಂತಲೇ ಅನ್ನಿ. ನನ್ನದೇನೂ ತಕರಾರಿಲ್ಲ.

ನನ್ನ ಮರವಂತೆ ಬೀಚ್ ವಿಡಿಯೋ ನೋಡಿದವರು ಕೇಳಿದ್ದರು, ಸಮುದ್ರಕ್ಕೂ 30 ಸೆಕೆಂಡ್ ಇಡಬಹುದಾ ಅಂತ. ಇಡಬಹುದು, ಅಲೆಯೆಲ್ಲ ಅಳಿಸಿ ನೀರು ಮಂಜಿನಂತಾಗುತ್ತದೆ. ನನಗಂತೂ ಬೋರು. ಅರ್ಧ ಸೆಕೆಂಡ್, ಹೆಚ್ಚೆಂದರೆ ಒಂದು ಸೆಕೆಂಡ್ ಇಡಿ. ಅಲೆ ಹಿಂದಕ್ಕೆ ಹೋಗುವಾಗ ಒತ್ತಿ. ನೊರೆ ಮರಳಿನ ಮೇಲೆ ಗೆರೆ ಎಳೆಯುತ್ತಾ ಹೋಗುವುದು ಸಿಗುತ್ತದೆ. ಟ್ರೈಪಾಡ್ ಕಾಲು ಮಾತ್ರ ಮೊದಲೇ ಬಲವಾಗಿ ಒತ್ತಿ ನೆಡಿ. ವಾಪಸ್ ಹೋಗುವ ನೀರು ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ದಿಗಂತ ವಾಲುತ್ತದೆ. ಮಳೆಗಾಲದಲ್ಲಿ ಅಲ್ಲಿ ನೀರಿಗೆ ಇಳಿಯುವ ಮಾತೇ ಬೇಡ, ರಸ್ತೆ ಬದಿಯಿಂದಲೇ...

ಅಯ್ಯೋ, ಶಟರ್ ಮುಚ್ಚಿತು. ಇದೇ ಫೋಟೋ. ಗೋಪುರ ನೆಟ್ಟಗಿದೆ, ಮೋಡ ಎಳೆದುಕೊಂಡು ಹೋಗಿದೆ, ಅಂಕಲ್ ಮಾಯ. ಸೆಟ್ಟಿಂಗ್ ಕೇಳುತ್ತೀರಿ, ಗೊತ್ತು: ಎಫ್ 11, ಐಎಸ್‌ಒ 100, 30 ಸೆಕೆಂಡ್. ಫಿಲ್ಟರ್ ಯಾವ ಅಂಗಡಿಯದು ಅಂತ ಮಾತ್ರ ಕೇಳಬೇಡಿ.