ಪಾಠದಲ್ಲಿ ಮೇಷ್ಟರು ಸುಮ್ಮನಿದ್ದರೆ

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ಬಾಗಿಲಲ್ಲಿ ನಿಮ್ಮ ಕೈಗೆ ಒಂದೊಂದು ಸ್ಟ್ರಾ ಕೊಟ್ಟಿದ್ದಾರೆ. ಹಿಂದೆಯೇ ಎಳನೀರು ಬರುತ್ತದೆಂದು ಕಾದಿರುವವರು ಕ್ಷಮಿಸಬೇಕು. ಅದರ ಕೆಲಸ ಕೊನೆಯಲ್ಲಿದೆ, ಅಲ್ಲಿಯವರೆಗೆ ಜೇಬಿನಲ್ಲಿರಲಿ.

ಇಲ್ಲಿ ಕುಳಿತಿರುವ ಹೆಚ್ಚಿನವರು ನನ್ನ ಹಾಗೆಯೇ ಸಂಗೀತದ ಮೇಷ್ಟರಾದವರು. ಜೂನಿಯರ್ ಆಯಿತು, ಸೀನಿಯರ್ ಆಯಿತು, ವಿದ್ವತ್‌ಗೆ ಕಟ್ಟಿದೆವು. ಅಷ್ಟರಲ್ಲಿ ಪಕ್ಕದ ಬೀದಿಯವರು ಮಗಳ ಕೈಹಿಡಿದುಕೊಂಡು ಬಂದರು. ನಡುಮನೆಯಲ್ಲಿ ಚಾಪೆ ಹಾಸಿದೆವು, ಪಾಠ ಶುರುವಾಗಿಯೇ ಬಿಟ್ಟಿತು. ನಾನು ಕಟ್ಟಿದ ಯಾವ ಪರೀಕ್ಷೆಯಲ್ಲೂ ‘ಒಂಬತ್ತು ವರ್ಷದ ಮಗುವಿಗೆ ಯಾವ ಶ್ರುತಿ ಇಡುತ್ತೀರಿ?’ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಪಾಸಾಗುತ್ತಿದ್ದೆ.

ಹಾಡಲು ಬಂದರೆ ಕಲಿಸಲೂ ಬಂದಂತೆ ಎಂಬ ನಂಬಿಕೆ ಎಲ್ಲಿಂದ ಹುಟ್ಟಿತೋ, ನಮ್ಮ ಶಾಸ್ತ್ರದಲ್ಲಂತೂ ಅದಿಲ್ಲ. 13ನೆಯ ಶತಮಾನದಲ್ಲಿ ಶಾರ್ಙ್ಗದೇವ ತನ್ನ ‘ಸಂಗೀತ ರತ್ನಾಕರ’ದಲ್ಲಿ ಗಾಯಕರನ್ನು ಐದು ಬಗೆಯಾಗಿ ಹೇಳುತ್ತಾನೆ: ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವಕ. ಕುಂದಿಲ್ಲದಂತೆ ಕಲಿಸಬಲ್ಲವನು ಶಿಕ್ಷಾಕಾರ. ಇನ್ನೊಬ್ಬರು ಹಾಡಿದ್ದನ್ನು ಹಾಗೆಯೇ ಹಾಡುವವನು ಅನುಕಾರ. ಸಭೆಯನ್ನು ಒಲಿಸಿಕೊಳ್ಳುವವನು ರಂಜಕ. ಅಂದರೆ ಕಲಿಸುವುದು ಬೇರೆಯದೇ ಒಂದು ಕಸುಬು. ನಾವು ಅನುಕಾರರಾಗಿ ಪಳಗಿ, ಶಿಕ್ಷಾಕಾರರ ಹೆಸರಿನಲ್ಲಿ ಫೀಸು ತೆಗೆದುಕೊಳ್ಳುತ್ತಿದ್ದೇವೆ.

ಶ್ರುತಿಯ ಲೆಕ್ಕಕ್ಕೆ ಬರುತ್ತೇನೆ. ನನ್ನದು ಒಂದು ಮನೆ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಬಿಳಿ ಕೀಯೇ ನನ್ನ ‘ಸ’. ನಡುಸ್ಥಾಯಿಯ ಆ ‘ಸ’ದಲ್ಲಿ, ಅಂದರೆ ಮಧ್ಯ ಷಡ್ಜದಲ್ಲಿ, ನನ್ನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 131 ಸಲ ಕಂಪಿಸುತ್ತವೆ. ಎಷ್ಟೋ ವರ್ಷ ಮಕ್ಕಳ ಪಾಠಕ್ಕೂ ಅದೇ ಶ್ರುತಿಪೆಟ್ಟಿಗೆ, ಅದೇ ಒಂದು ಮನೆ. ಮಗು ತಾನಾಗಿ ಒಂದು ಸ್ಥಾಯಿ ಮೇಲೆ ಹಿಡಿಯುತ್ತದೆ, ಅಲ್ಲಿಗೆ ಅದರ ಷಡ್ಜ 262. ಮೊದಲ ಪಾಠವಾದ ಸರಳೆ ವರಸೆಯ ತುದಿಯ ಮೇಲಿನ ‘ಸ’, ಅಂದರೆ ತಾರ ಷಡ್ಜದಲ್ಲಿ 523. ಹೆಚ್ಚು ಸ್ಥಾಯಿ ವರಸೆಯಲ್ಲಿ ಅದಕ್ಕೂ ಮೇಲಿನ ‘ಪ’, ತಾರ ಪಂಚಮವನ್ನು ಮುಟ್ಟುವ ಹೊತ್ತಿಗೆ 784. ಐದು ಮನೆಯಲ್ಲಿ ಹಾಡುವ ದೊಡ್ಡ ವಿದುಷಿಯರ ತಾರ ಪಂಚಮವೇ 587! ಅವರು ಕಛೇರಿಯಲ್ಲಿ ಎಂದೂ ಹತ್ತದ ಮೆಟ್ಟಿಲನ್ನು ನಾನು ಎರಡನೆಯ ತಿಂಗಳಿನಲ್ಲಿಯೇ ಮೂರನೆಯ ಕ್ಲಾಸಿನ ಮಗುವಿನಿಂದ ಹತ್ತಿಸುತ್ತಿದ್ದೆ. ಗದ್ದ ಮೇಲೇಳುತ್ತಿತ್ತು, ಕತ್ತಿನ ನರ ಎದ್ದು ಕಾಣುತ್ತಿತ್ತು. ‘ಇನ್ನೂ ಜೋರಾಗಿ’ ಎನ್ನುತ್ತಿದ್ದೆ. ಶಾರ್ಙ್ಗದೇವ ಗಾಯಕರಿಗೆ ಇಪ್ಪತ್ತೈದು ದೋಷಗಳನ್ನು ಪಟ್ಟಿ ಮಾಡಿದ್ದಾನೆ. ನರ ಉಬ್ಬಿಸಿ ಹಾಡುವವನಿಗೆ ಅಲ್ಲಿ ಝೋಂಬಕ ಎಂದು ಹೆಸರು. ನಾನು ಬ್ಯಾಚಿಗೆ ಹತ್ತು ಝೋಂಬಕರನ್ನು ತಯಾರು ಮಾಡುತ್ತಿದ್ದೆ.

ಶ್ರುತಿಯನ್ನು ಐದಕ್ಕೋ ಆರಕ್ಕೋ ಇಟ್ಟರೆ ಮಕ್ಕಳ ಕಷ್ಟ ಮುಗಿಯುತ್ತದೆ, ನನ್ನದು ಶುರುವಾಗುತ್ತದೆ. ಅಲ್ಲಿ ನಾನು ಕೆಳಗೆ ಹಾಡಿದರೆ ಗೊರಗೊರ, ಮೇಲೆ ಹಾಡಿದರೆ ಕಿರುಚಾಟ. ನಾವು ಮಕ್ಕಳ ಶ್ರುತಿಯನ್ನು ಬದಲಿಸದಿರುವುದಕ್ಕೆ ನಿಜವಾದ ಕಾರಣ ಇದೇ ಎಂದು ನನಗೆ ಅನುಮಾನ. ಬದಲಿಸಿದರೆ ನಾವು ಜೊತೆಗೆ ಹಾಡುವಂತಿಲ್ಲ.

ಜೊತೆಗೆ ಹಾಡದೆ ಪಾಠ ಹೇಗೆ? ಅದನ್ನು ನನಗೆ ಕಲಿಸಿದ್ದು ಯಾವ ಗುರುವೂ ಅಲ್ಲ, ಲಾಕ್‌ಡೌನ್. 2020ರಲ್ಲಿ ಪಾಠವೆಲ್ಲ ಮೊಬೈಲಿನೊಳಗೆ ಹೋಯಿತು. ಅಮೆರಿಕದಲ್ಲಿರುವ ನಮ್ಮವರ ಮಕ್ಕಳೂ ಸೇರಿಕೊಂಡರು. ವಿಡಿಯೋ ಪಾಠದಲ್ಲಿ ಧ್ವನಿ ತಡವಾಗಿ ತಲುಪುತ್ತದಲ್ಲ, ಇಬ್ಬರು ಕೂಡಿ ಹಾಡಲು ಸಾಧ್ಯವೇ ಇಲ್ಲ. ನಾನು ಒಂದು ಸಲ ಹಾಡುವುದು, ಆಮೇಲೆ ಮೈಕ್ ಮುಚ್ಚಿ ಕೂರುವುದು. ಮೊದಲ ವಾರ ಜೀವ ಚಡಪಡಿಸಿತು. ಮೂರನೆಯ ವಾರದ ಹೊತ್ತಿಗೆ ಒಂದು ಸತ್ಯ ಕಿವಿಗೆ ಬಿತ್ತು: ನಾಲ್ಕು ವರ್ಷದಿಂದ ನನ್ನ ಬಳಿ ಕಲಿಯುತ್ತಿದ್ದ ಹುಡುಗಿಯ ಅಂತರ ಗಾಂಧಾರ ಪ್ರತಿ ಸಲವೂ ಕೂದಲೆಳೆಯಷ್ಟು ಇಳಿಯುತ್ತಿತ್ತು. ನಾಲ್ಕು ವರ್ಷ ನನ್ನ ಗಾಂಧಾರದ ಬೆನ್ನಿಗೆ ಅವಳು ಕೂತು ಬಂದಿದ್ದಳು. ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ತಂಬೂರಿಯ ಎದುರು ಒಬ್ಬಳೇ ನಿಂತ ಮೇಲೆ, ನಾನು ಬಾಯಿಬಿಡುವ ಮೊದಲೇ ಒಂದು ದಿನ ಅವಳೇ ನಿಲ್ಲಿಸಿ ‘ಸರ್, ಗಾಂಧಾರ ಕೆಳಗಿತ್ತು ಅಲ್ಲವೇ?’ ಎಂದಳು.

ಈಜು, ಬೌಲಿಂಗ್, ವಾದ್ಯ, ಇಂಥವನ್ನು ಮೈ ಹೇಗೆ ಕಲಿಯುತ್ತದೆ ಎಂದು ಪರೀಕ್ಷಿಸುವ ವಿಜ್ಞಾನವೊಂದಿದೆ. ಹಾಡು ಕಲಿಸುವವರು ಈಚೆಗೆ ಅದರತ್ತ ಹೊರಳಿದ್ದಾರೆ. ಅಲ್ಲಿ ಮತ್ತೆ ಮತ್ತೆ ಕಂಡಿರುವುದು ಇದು: ಪ್ರತಿಯೊಂದು ಯತ್ನಕ್ಕೂ ತಿದ್ದುತ್ತಾ ಹೋದರೆ ಕಲಿಯುವವರು ಆ ಹೊತ್ತಿಗೆ ಚೆನ್ನಾಗಿಯೇ ಮಾಡುತ್ತಾರೆ, ಆದರೆ ಆಮೇಲೆ ಅದು ಉಳಿಯುವುದು ಕಡಿಮೆ. ಬಿಟ್ಟು ಬಿಟ್ಟು, ಸ್ವಲ್ಪ ತಡೆದು ತಿದ್ದಿದರೆ ತಪ್ಪನ್ನು ತಾವೇ ಹಿಡಿಯುವ ಕಿವಿ ಬೆಳೆಯುತ್ತದೆ. ಗೇಬ್ರಿಯೆಲೆ ವುಲ್ಫ್ ಎಂಬ ಸಂಶೋಧಕಿಯ ಕೆಲಸವೂ ನಮಗೆ ಹತ್ತಿರದ್ದು. ಗಮನವನ್ನು ಸ್ವಂತ ಮೈಯ ಅಂಗಗಳ ಮೇಲೆ ಇಡುವುದಕ್ಕಿಂತ ಹೊರಗಿನ ಗುರಿಯ ಮೇಲೆ ಇಟ್ಟರೆ ಕೌಶಲ ಸಲೀಸಾಗಿ ಕೂರುತ್ತದೆ ಎನ್ನುತ್ತಾರೆ ಅವರು. ‘ಗಂಟಲು ಬಿಡಿಸು, ನಾಲಗೆ ಇಳಿಸು’ ಎಂದು ನಾನು ಹೇಳಿದಾಗೆಲ್ಲ ಮಗು ಮರದ ಗೊಂಬೆಯಾಗುತ್ತಿತ್ತು. ‘ಗೇಟಿನ ಹತ್ತಿರ ಕೂತ ಅಜ್ಜಿಗೆ ಕೇಳಿಸು’ ಎಂದೆ. ಗಂಟಲು ತಾನಾಗಿ ಬಿಟ್ಟುಕೊಂಡಿತು.

ಇನ್ನು ಒಬ್ಬ ಹುಡುಗನ ವಿಷಯ ಹೇಳಬೇಕು. ಹದಿಮೂರು ವರ್ಷ, ಒಳ್ಳೆಯ ಕಂಠ, ಜೂನಿಯರ್ ಪರೀಕ್ಷೆ ಎದುರಿಗಿತ್ತು. ಆಭೋಗಿ ರಾಗದ ವರ್ಣ ಎಂಬ ರಚನೆಯ ಚರಣದಲ್ಲಿ ತಾರ ಷಡ್ಜಕ್ಕೆ ಹೋದಾಗ ಧ್ವನಿ ಫಟ್ಟೆಂದು ಒಡೆಯಿತು. ಉಳಿದ ಮಕ್ಕಳು ನಕ್ಕರು. ನಾನು ‘ಅಭ್ಯಾಸ ಸಾಲದು’ ಎಂದೆ. ಮುಂದಿನ ವಾರ ಮತ್ತೆ ಒಡೆಯಿತು, ಮತ್ತೆ ಅದೇ ಮಾತು. ಅದರ ಮುಂದಿನ ವಾರ ಅವನು ಬರಲಿಲ್ಲ, ಆಮೇಲೆ ಎಂದೂ ಬರಲಿಲ್ಲ. ಆ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಹಿಗ್ಗುತ್ತದೆ, ತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ಧ್ವನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹುಡುಗಿಯರಿಗೂ ಇಳಿಯುತ್ತದೆ, ಅಷ್ಟಲ್ಲ. ಇದು ಹೈಸ್ಕೂಲು ವಿಜ್ಞಾನ. ಪಾಠದ ಕೋಣೆಯಲ್ಲಿ ನನಗೆ ಅದು ನೆನಪಾಗಲಿಲ್ಲ. ಈಗ ಅಂಥ ಹುಡುಗರಿಗೆ ತಿಂಗಳಿಗೊಮ್ಮೆ ಶ್ರುತಿ ನೋಡಿ ಇಳಿಸುತ್ತೇನೆ, ಒಡೆಯುವ ಸ್ವರಗಳಿರುವ ಭಾಗ ಬಿಟ್ಟು ಹಾಡಿಸುತ್ತೇನೆ, ತಾಳದ ಕೆಲಸ ಹೆಚ್ಚಿಸುತ್ತೇನೆ. ಪರೀಕ್ಷೆ ಒಂದು ವರ್ಷ ಮುಂದೆ ಹೋದರೆ ಹೋಗಲಿ ಎಂದು ತಂದೆತಾಯಿಗೆ ನೇರವಾಗಿ ಹೇಳುತ್ತೇನೆ. ಕೆಲವರು ಮೇಷ್ಟರನ್ನೇ ಬದಲಾಯಿಸುತ್ತಾರೆ, ಅದಕ್ಕೇನು ಮಾಡುವುದು.

ಧ್ವನಿಯ ವಿಜ್ಞಾನ ಡಾಕ್ಟರುಗಳ ಸೊತ್ತು ಎಂದು ದೂರ ನಿಲ್ಲುವ ಕಾರಣವಿಲ್ಲ. ಹಾಡುವಾಗ ತನ್ನದೇ ಧ್ವನಿತಂತುಗಳು ಅಲುಗಾಡುವುದನ್ನು 1854ರಲ್ಲಿ ನೋಡಿಕೊಂಡ ಮ್ಯಾನುಯೆಲ್ ಗಾರ್ಸಿಯಾ ಹಾಡು ಕಲಿಸುವ ಮೇಷ್ಟರೇ. ದಂತವೈದ್ಯರ ಪುಟ್ಟ ಕನ್ನಡಿ, ಇನ್ನೊಂದು ಕೈಗನ್ನಡಿ, ಬಿಸಿಲು, ಇಷ್ಟೇ ಸಲಕರಣೆ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಹೋಯಿತು. ನಾವು ಮಾತ್ರ ಇನ್ನೂ ಕಾಳುಮೆಣಸು, ಕಲ್ಲುಸಕ್ಕರೆಯ ಹತ್ತಿರವೇ ಇದ್ದೇವೆ. ಕಷಾಯ ಕುಡಿಯಿರಿ, ಹಿತವಾಗಿರುತ್ತದೆ. ಆದರೆ ಅದು ಹೋಗುವುದು ಅನ್ನನಾಳದ ದಾರಿಯಲ್ಲಿ, ಧ್ವನಿತಂತುಗಳಿರುವುದು ಶ್ವಾಸನಾಳದ ಬಾಯಲ್ಲಿ. ಅಲ್ಲಿಗೆ ಒಂದು ತೊಟ್ಟು ಬಿದ್ದರೂ ಕೆಮ್ಮಿ ಸಾಕಾಗುತ್ತದೆ. ಮೂರು ವಾರವಾದರೂ ಬಿಡದ ಗೊಗ್ಗರುದನಿಗೆ ಕಷಾಯವಲ್ಲ, ಕಿವಿ-ಮೂಗು-ಗಂಟಲು ವೈದ್ಯರು ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ಈಗ ಸ್ಟ್ರಾ ತೆಗೆಯಿರಿ. ಸ್ಟ್ರಾದೊಳಗೆ ದನಿ ಬಿಡುವ ಈ ಅಭ್ಯಾಸವನ್ನು ಲೋಕಕ್ಕೆಲ್ಲ ಹಂಚಿದವರು ಅಮೆರಿಕದ ಧ್ವನಿವಿಜ್ಞಾನಿ ಇಂಗೋ ಟಿಟ್ಸೆ. ಬಾಯಿಯ ದಾರಿ ಕಿರಿದಾದಾಗ ಒಳಗಿನ ಗಾಳಿಯ ಒತ್ತಡ ಹಿಂದಕ್ಕೆ ತಳ್ಳುತ್ತದೆ, ತಂತುಗಳು ಒಂದಕ್ಕೊಂದು ಬಡಿದುಕೊಳ್ಳುವ ರಭಸ ತಗ್ಗುತ್ತದೆ, ಕಡಿಮೆ ಶ್ರಮದಲ್ಲಿ ಕಂಪನ ಮುಂದುವರಿಯುತ್ತದೆ. ಮ್‌ಕಾರದಲ್ಲಿ ಸಾಧನೆ ಮಾಡಿದವರಿಗೆ ಇದರ ರುಚಿ ಗೊತ್ತು. ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತು ಎಂದು ಎದೆ ತಟ್ಟಿಕೊಳ್ಳುವುದು ಬೇಡ. ಅವರು ಮಾಡಿದರು, ಇವರು ಅಳೆದರು.

ತುಟಿ ಸ್ಟ್ರಾದ ಸುತ್ತ ಬಿಗಿಯಾಗಿರಲಿ. ಮೂಗನ್ನು ಒಮ್ಮೆ ಹಿಡಿದು ನೋಡಿ. ಸದ್ದು ನಿಂತರೆ ಗಾಳಿ ಮೂಗಿನಲ್ಲಿ ಸೋರುತ್ತಿದೆ ಎಂದರ್ಥ. ಕೆನ್ನೆ ಉಬ್ಬಬಾರದು, ಶಾರ್ಙ್ಗದೇವನ ಪಟ್ಟಿಯಲ್ಲಿ ಅದಕ್ಕೂ ಒಂದು ಹೆಸರಿದೆ. ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ ಜಾರುತ್ತಾ ಹೋಗಿ, ಹಾಗೆಯೇ ಇಳಿಯಿರಿ. ಆಮೇಲೆ ಸ್ಟ್ರಾ ತೆಗೆದು ಮೊದಲ ಸರಳೆ ವರಸೆ, ಅಕಾರದಲ್ಲಿ. ಅಮ್ಮಾ, ಆ ಪೆಟ್ಟಿಗೆಯನ್ನು ಒಂದು ಮನೆಯಿಂದ ಐದೂವರೆಗೆ ಇಡುತ್ತೀರಾ? ನಾನು ಹಾಡುವುದಿಲ್ಲ, ನೀವು ಶುರು ಮಾಡಿ.