21ನೇ ವಚನದಿಂದ ಓದೋಣ

ಸಭಾಪಾಲಕರೇ, ಹಿರಿಯರೇ, ಸ್ತ್ರೀಯರ ಅನ್ಯೋನ್ಯ ಕೂಟದ ಅಮ್ಮಂದಿರೇ, ಅಕ್ಕತಂಗಿಯರೇ, ಎಲ್ಲರಿಗೂ ವಂದನೆ.

‘ಸಭೆಯಲ್ಲಿ ಅಧೀನತೆ’, ಅಂದರೆ ಚರ್ಚಿನಲ್ಲಿ ಯಾರು ಯಾರಿಗೆ ತಗ್ಗಿ ನಡೆಯಬೇಕು ಅಂತ ವಿಷಯ ಕೊಟ್ಟಿದ್ದೀರಿ. ನಾಲ್ಕು ಮಾತು ಬರೆದುಕೊಂಡು ಬಂದಿದ್ದೇನೆ. ಅದಕ್ಕೂ ಮೊದಲು ನಮ್ಮ ಅಮ್ಮನ ವಿಷಯ ಹೇಳಬೇಕು.

ಯೇಸುವಿನ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹಿಂದಿನ ದಿನ ಅಮ್ಮ ಒಣದ್ರಾಕ್ಷಿ ಕುದಿಸಿ, ಹಳೇ ಪಂಚೆಯ ತುಂಡಿನಲ್ಲಿ ಸೋಸುತ್ತಿದ್ದಳು. ಮನೆಯೆಲ್ಲ ಅದೇ ಘಮ. ಆಮೇಲೆ ಹೆಬ್ಬೆರಳಿನಷ್ಟು ಗಾಜಿನ ಲೋಟಗಳು. ಬಿಸಿನೀರಲ್ಲಿ ತೊಳೆದು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು. ಕಲೆ ಕಂಡರೆ ಮತ್ತೆ ನೀರಿಗೆ. ಒರೆಸುವ ಕೆಲಸ ನಮ್ಮದು. ಪಾತ್ರೆಯ ತಳದ ರಸ ನೆಕ್ಕಿದ್ದಕ್ಕೆ ನನ್ನ ತಮ್ಮನಿಗೆ ಬಿದ್ದ ಏಟು ಅವನಿಗೆ ಇವತ್ತಿಗೂ ನೆನಪಿದೆ!

ಒಂದು ಭಾನುವಾರ ಆರಾಧನೆಯಲ್ಲಿ ವೇದಪಾಠ, ಅಂದರೆ ಬೈಬಲ್ ಭಾಗ, ಓದುವವರು ಬರಲಿಲ್ಲ. ಅಮ್ಮ ಎದ್ದು ಮುಂದೆ ಹೋದಳು. ‘ಕೂತ್ಕೊಳ್ಳಮ್ಮ, ತಿಮೊಥೆಯನಿಗೆ ಬರೆದದ್ದು ಗೊತ್ತಿಲ್ವಾ?’ ಅಂದರು ಒಬ್ಬ ಹಿರಿಯರು. ಅಮ್ಮ ಬಂದು ಕೂತಳು. ಬಿಸಿನೀರಿಗೆ ಕೆಂಪಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಸ್ತ್ರೀ ಮೌನವಾಗಿರಬೇಕು ಅಂತ ಅಪೊಸ್ತಲ ಪೌಲ ತಿಮೊಥೆಯನಿಗೆ ಬರೆದದ್ದು ನನಗೂ ಗೊತ್ತು. ಅದೇ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ, ಸ್ತ್ರೀ ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಗೆ ಮುಸುಕಿರಲಿ ಅನ್ನುತ್ತಾನೆ. ಬಾಯಿ ಮುಚ್ಚಿಕೊಂಡು ಪ್ರವಾದಿಸೋದು ಹೇಗೆ, ನೀವೇ ಹೇಳಿ.

ಈಗ ಎಫೆಸದವರಿಗೆ ಬರೆದ ಪತ್ರ, 5ನೇ ಅಧ್ಯಾಯ. ಮದುವೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಓದು ಶುರುವಾಗೋದು 22ರಿಂದ: ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕು ಅನ್ನುವ ಮಾತು. ಆದರೆ ಪತ್ರದ ಮೂಲ ಭಾಷೆ ಗ್ರೀಕಿನ ಅತಿ ಹಳೆಯ ಪ್ರತಿಗಳಲ್ಲಿ ಆ 22ನೇ ವಚನಕ್ಕೆ ಕ್ರಿಯಾಪದವೇ ಇಲ್ಲ! ‘ಅಧೀನರಾಗಿ’ ಅನ್ನೋದನ್ನು 21ರಿಂದ ತಂದುಕೊಳ್ಳಬೇಕು. 21ರಲ್ಲಿ ಏನಿದೆ? ಒಬ್ಬರಿಗೊಬ್ಬರು ಅಧೀನರಾಗಿರಿ ಅಂತ. ಗಂಡಸರು, ಹೆಂಗಸರು, ಹಿರಿಯರು, ಸಭಾಪಾಲಕರು, ಎಲ್ಲರೂ. ಆ ಸಾಲು ಬಿಟ್ಟು ಮುಂದಿನದನ್ನು ಓದಿದರೆ ವಾಕ್ಯವೇ ನಿಲ್ಲೋದಿಲ್ಲ.

ಮೇಲಧಿಕಾರಿಗಳಿಗೆ ಅಧೀನರಾಗಿ ಅನ್ನುವ ರೋಮಾಪುರದವರ ಪತ್ರದ 13ನೇ ಅಧ್ಯಾಯ ನಿಮಗೆ ಬಾಯಿಪಾಠ. ಆದರೆ 16ನೇ ಅಧ್ಯಾಯದ ಮೊದಲ ಎರಡು ವಚನ? ಕೊರಿಂಥದ ಹತ್ತಿರದ ಬಂದರು ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಬರಮಾಡಿಕೊಳ್ಳಿ ಅಂತಿದೆ. ಆ ಪತ್ರವನ್ನು ರೋಮ್‌ಗೆ ಹೊತ್ತು ತಂದವಳು ಅವಳೇ ಅಂತ ಅನೇಕ ಪಂಡಿತರು ಹೇಳುತ್ತಾರೆ. ಪೌಲ ತನಗೂ ಬೋಧಕ ಅಪೊಲ್ಲೋಸನಿಗೂ ಬಳಸುವ ‘ದಿಯಾಕೊನೊಸ್’, ಅಂದರೆ ಸೇವಕ, ಎಂಬ ಗ್ರೀಕ್ ಪದವನ್ನೇ ಅವಳಿಗೂ ಬಳಸಿದ್ದಾನೆ. ಅಧೀನತೆ ಕಲಿಸುವ ಪತ್ರ ಬಂದದ್ದು ಒಬ್ಬ ಹೆಂಗಸಿನ ಕೈಯಲ್ಲಿ ಅನ್ನೋದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಇನ್ನೈದು ನಿಮಿಷ. ಪೇತ್ರ ಮತ್ತು ಅಪೊಸ್ತಲರು ಯೆಹೂದ್ಯರ ನ್ಯಾಯಸಭೆಯಾದ ಹಿರೀಸಭೆಯ ಮುಂದೆ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂದದ್ದನ್ನು ಮನೆಯಲ್ಲಿ ಓದಿಕೊಳ್ಳಿ, ಅಪೊಸ್ತಲರ ಕೃತ್ಯಗಳು 5:29. ಯೇಸು ಟವೆಲ್ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದದ್ದು ಯೋಹಾನ 13ರಲ್ಲಿದೆ. ನಮ್ಮ ಸಿಎಸ್‌ಐಯಲ್ಲೇ, ಅಂದರೆ ದಕ್ಷಿಣ ಭಾರತ ಸಭೆಯಲ್ಲೇ, 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಪುಷ್ಪ ಲಲಿತಾ ಅವರು ಬಿಷಪ್ ಆದರು. ಈ ಸಭೆ ಶುರುವಾದದ್ದು 1947ರಲ್ಲಿ. ಒಬ್ಬ ಮಹಿಳಾ ಬಿಷಪ್ ಬರಲು 66 ವರ್ಷ ಬೇಕಾಯಿತು.

ಹಿರಿಯರಲ್ಲಿ ಒಂದೇ ಬೇಡಿಕೆ. ಮುಂದಿನ ಕರ್ತನ ಭೋಜನದ ದಿನ, ಹಿಂದಿನ ಸಂಜೆ ಲೋಟ ತೊಳೆದ ಅಮ್ಮನನ್ನೇ ವೇದಪಾಠಕ್ಕೆ ಕರೆಯಿರಿ. ಆ ದಿನದ ಓದು ಎಫೆಸ 5 ಆಗಿರಲಿ. ಆ ಅಮ್ಮ 21ರಿಂದ ಓದಲಿ.